ನಮ್ಮ ಗಾನವೃಂದಕ್ಕೆ ಯಾವ ಡಿಲೇ ಪೆಡಲ್?

ಕ್ರಿಸ್ಮಸ್ ಕ್ಯಾರಲ್ಸ್‌ಗೆ ಮನೆಮನೆಗೆ ಬಂದಾಗ ನೀವು ಕೊಟ್ಟ ಕಾಣಿಕೆಯಲ್ಲಿ ಒಂದು ಪಾಲನ್ನು ಗಾನವೃಂದಕ್ಕೆಂದು ಎತ್ತಿಟ್ಟಿದ್ದೇವೆ. ಎಲೆಕ್ಟ್ರಿಕ್ ಗಿಟಾರಿಗೆ ಒಂದು ಅನಲಾಗ್ ಡಿಲೇ ಪೆಡಲ್ ಕೊಳ್ಳೋಣ ಎಂಬುದು ನಮ್ಮಲ್ಲಿ ಹಲವರ ಆಸೆ. ಯಾವುದು ಕೊಳ್ಳಬೇಕು ಎಂಬಲ್ಲಿ ಮಾತ್ರ ಎರಡು ತಿಂಗಳಿಂದ ವಾದ ಮುಗಿದಿಲ್ಲ. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಓವರ್‌ಟೈಮ್ ಮಾಡಿ ದುಡಿದವರ ಹಣವೂ ಅದರಲ್ಲಿದೆ. ಅದನ್ನು ಖರ್ಚು ಮಾಡುವ ಮುನ್ನ ನಮ್ಮ ಅಭಿಪ್ರಾಯವನ್ನು ಎಲ್ಲರ ಮುಂದಿಡುವುದು ನ್ಯಾಯ.

ತಿಳಿಯದವರಿಗಾಗಿ ಮೊದಲು ಒಂದು ಮಾತು. ನುಡಿಸಿದ ಸ್ವರವನ್ನು ಸ್ವಲ್ಪ ಹೊತ್ತಿನ ನಂತರ ಮತ್ತೆ ಕೇಳಿಸುವ ಪೆಟ್ಟಿಗೆಯೇ ಡಿಲೇ. ಬೆಟ್ಟದ ಎದುರು ಕೂಗಿದಾಗ ಬರುವ ಮಾರ್ದನಿಯಂತೆ. ಅನಲಾಗ್ ಪೆಡಲಿನಲ್ಲಿ ಈ ಕೆಲಸ ಮಾಡುವುದು ‘ಬಕೆಟ್ ಬ್ರಿಗೇಡ್’ ಎಂಬ ಚಿಪ್. 1969ರಲ್ಲಿ ಫಿಲಿಪ್ಸ್ ಸಂಶೋಧನಾಲಯದ ಸ್ಯಾಂಗ್ಸ್ಟರ್ ಮತ್ತು ಟೀರ್ ಇದನ್ನು ರೂಪಿಸಿದರು. ತಾರಸಿ ಹಾಕುವ ದಿನ ಸಾಲಾಗಿ ನಿಂತು ಕಾಂಕ್ರೀಟ್ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತೇವಲ್ಲ, ಹಾಗೆಯೇ ಸಿಗ್ನಲ್ ಒಂದು ಹಂತದಿಂದ ಇನ್ನೊಂದಕ್ಕೆ ಸಾಗುತ್ತದೆ. ಹೆಸರಾದ ಎಂಎನ್3005 ಚಿಪ್ಪಿನಲ್ಲಿ ಇಂಥ 4096 ಹಂತಗಳಿವೆ. ಮಾರ್ದನಿ ಇನ್ನೂ ತಡವಾಗಿ ಬರಬೇಕೆಂದರೆ ದಾಟಿಸುವ ವೇಗ ತಗ್ಗಬೇಕು. ವೇಗ ತಗ್ಗಿದರೆ ಸದ್ದಿನ ಮೊನಚಾದ ಭಾಗವನ್ನು ಹೊರಲಾಗದು. ಹಾಗಾಗಿ ಅದನ್ನು ಮೊದಲೇ ಸೋಸಿಬಿಡುತ್ತಾರೆ. ಅನಲಾಗ್ ಮಾರ್ದನಿ ಮಬ್ಬಾಗಿ ಕೇಳುವುದು ಇದರಿಂದಲೇ. ಡಿಜಿಟಲ್ ಪೆಡಲ್ ಅದೇ ಸ್ವರವನ್ನು ನಿಚ್ಚಳವಾಗಿ ಹಿಂದಿರುಗಿಸುತ್ತದೆ.

ನಮಗೆ ಆ ಮಬ್ಬೇ ಒಳ್ಳೆಯದು. ದೇವಾಲಯದ ಎತ್ತರದ ಚಾವಣಿ, ಕಲ್ಲಿನ ನೆಲ ತಾವಾಗಿಯೇ ಸದ್ದನ್ನು ಸುತ್ತಾಡಿಸುತ್ತವೆ. ಅದರ ಮೇಲೆ ನಿಚ್ಚಳವಾದ ಮಾರ್ದನಿ ಸೇರಿದರೆ ಹಾಡಿನ ಪದಗಳೇ ಮುಚ್ಚಿಹೋಗುತ್ತವೆ. ಪದ ತಿಳಿಯುವುದು ವ್ಯಂಜನಗಳಿಂದ, ವ್ಯಂಜನಗಳಿರುವುದು ಸದ್ದಿನ ಮೊನಚಿನಲ್ಲಿ. ಅನಲಾಗ್ ಮಾರ್ದನಿ ಆ ಜಾಗವನ್ನು ಹಾಡುವವರಿಗೆ ಬಿಟ್ಟುಕೊಟ್ಟು ಹಿಂದೆ ನಿಲ್ಲುತ್ತದೆ.

ಈಗ ಪೆಡಲ್‌ಗಳ ವಿಷಯ. ಬಾಸ್ ಡಿಎಂ-2 1981ರಲ್ಲಿ ಬಂತು. ಅದರ ಮಿತಿ 300 ಮಿಲಿಸೆಕೆಂಡ್. ಐಬನೆಜ್ ಎಡಿ9, ಅಗ್ಗದ ಬೆಹ್ರಿಂಗರ್ ವಿಡಿ400 ಕೂಡ 300ಕ್ಕೇ ನಿಲ್ಲುತ್ತವೆ. 2008ರ ಎಂಎಕ್ಸ್‌ಆರ್ ಕಾರ್ಬನ್ ಕಾಪಿ 600ರವರೆಗೆ ಹೋಗುತ್ತದೆ. 2014ರಲ್ಲಿ ಬಾಸ್ ಹೊರತಂದ ಡಿಎಂ-2ಡಬ್ಲ್ಯೂನಲ್ಲಿ ಹಳೆಯ ಸದ್ದಿನ ಜೊತೆಗೆ 800ರವರೆಗಿನ ಇನ್ನೊಂದು ಮೋಡ್ ಇದೆ. ಎಲೆಕ್ಟ್ರೋ-ಹಾರ್ಮೋನಿಕ್ಸ್‌ನ ಡಿಲಕ್ಸ್ ಮೆಮೊರಿ ಮ್ಯಾನ್ 550 ಮಿಲಿಸೆಕೆಂಡಿನದು. ಯು2 ತಂಡದ ದಿ ಎಡ್ಜ್ ಮೊದಮೊದಲು ನುಡಿಸಿದ್ದು ಮೆಮೊರಿ ಮ್ಯಾನ್ ಮೂಲಕವೇ. ಇಂದಿನ ಆರಾಧನಾ ಗೀತೆಗಳ ಗಿಟಾರಿನಲ್ಲಿ ಕೇಳುವ ಆ ಕುಣಿಯುವ ಮಾರ್ದನಿಗೆ ದಾರಿ ಹಾಕಿದವರು ಅವರು.

ಈ ಸಂಖ್ಯೆಗಳು ಯಾಕೆ ಮುಖ್ಯ? ಲೆಕ್ಕ ಮಾಡಿ ನೋಡಿ. ನಮ್ಮ ಪರಮಪ್ರಸಾದದ ಗೀತೆಗಳು ನಿಮಿಷಕ್ಕೆ ಸುಮಾರು 72 ಬಡಿತದಲ್ಲಿ ಸಾಗುತ್ತವೆ. ಒಂದು ಬಡಿತಕ್ಕೆ 833 ಮಿಲಿಸೆಕೆಂಡ್, ಅರ್ಧ ಬಡಿತಕ್ಕೆ 417. ಮಾರ್ದನಿ ಅರ್ಧ ಬಡಿತಕ್ಕೆ ಕೂಡಿಬಂದರೆ ತಾಳ ಕೆಡದು. 300ರ ಪೆಡಲಿಗೆ ಅಷ್ಟು ದೂರ ನಿಲುಕದು, 600ರದಕ್ಕೆ ಆರಾಮ. ಹೆಸರಿಗೆ ಮರುಳಾಗಿ 300ರದನ್ನು ಕೊಂಡರೆ ಮೊದಲ ಭಾನುವಾರವೇ ಪಶ್ಚಾತ್ತಾಪ ಪಡುತ್ತೇವೆ.

ಇನ್ನು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಒಂದು ಹಬ್ಬದ ಬಲಿಪೂಜೆಗೆ ಎರವಲು ತಂದ ಪೆಡಲನ್ನು ಅಭ್ಯಾಸವಿಲ್ಲದೆ ಹಚ್ಚಿದೆವು. ಮಾರ್ದನಿಯ ಎಣಿಕೆ ಹೆಚ್ಚಿಸುವ ತಿರುಗುಣಿ ಅತಿಯಾಗಿ, ಸದ್ದು ತನ್ನನ್ನೇ ತಾನು ತಿಂದು ಬೆಳೆದು ಗೂಳಿಯಂತೆ ಕೂಗತೊಡಗಿತು. ಪೂಜೆ ಮುಗಿದ ಮೇಲೆ ಕೊಳ್ಳೇಗಾಲದ ಕಡೆಯ ಅಜ್ಜಿಯೊಬ್ಬರು ಬಂದು, “ಹಾಡು ಅದ್ಯಾವಾಗ ಮುಗೀತು ಅಂತ್ಲೇ ಗೊತ್ತಾಗ್ಲಿಲ್ಲ ಕಣ್ರಪ್ಪಾ, ನಾವು ಎಲ್ಲಿ ಸೇರ್ಕೊಳ್ಳೋದು?” ಎಂದರು. ಅವರು ಬೈಯಲಿಲ್ಲ, ಕೇಳಿದರಷ್ಟೇ. ನಮಗೆ ಉತ್ತರ ಇರಲಿಲ್ಲ. ಊರು ಬಿಟ್ಟು ಇಲ್ಲಿಗೆ ಬಂದ ಅವರಂಥವರು ಬಾಯಿತುಂಬ ಕನ್ನಡದಲ್ಲಿ ಹಾಡುವುದು ಕನ್ನಡ ಪೂಜೆಯ ದಿನ ಮಾತ್ರ. ಅದನ್ನೂ ನಾವು ಕಸಿದುಕೊಂಡರೆ ಹೇಗೆ?

1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಆರಾಧನೆಯ ಕುರಿತು ಹೊರಡಿಸಿದ ದಸ್ತಾವೇಜು ಪೈಪ್ ಆರ್ಗನ್ನಿಗೆ ಗೌರವದ ಸ್ಥಾನ ಕೊಟ್ಟಿತು. ಬೇರೆ ವಾದ್ಯಗಳಿಗೂ ಬಾಗಿಲು ತೆರೆಯಿತು, ಆದರೆ ಷರತ್ತಿನ ಮೇಲೆ: ಅವು ಪವಿತ್ರ ಬಳಕೆಗೆ ಒಗ್ಗಬೇಕು, ದೇವಾಲಯದ ಘನತೆಗೆ ತಕ್ಕಂತಿರಬೇಕು, ಭಕ್ತರ ವಿಶ್ವಾಸ ಬೆಳೆಸಬೇಕು. ಗಿಟಾರಿಗೆ ಇರುವ ಅಳತೆಗೋಲೇ ಗಿಟಾರಿನ ಮುಂದಿನ ಪೆಟ್ಟಿಗೆಗೂ ಇದೆ.

ಆದ್ದರಿಂದ ನಮ್ಮ ಮತ ಇದು. ಮೆಮೊರಿ ಮ್ಯಾನ್, ಡಿಎಂ-2ಡಬ್ಲ್ಯೂ ಅದ್ಭುತವಾದವು, ಆದರೆ ನಮ್ಮ ಕೈಗೆ ದುಬಾರಿ. ಕಾರ್ಬನ್ ಕಾಪಿ ಸದ್ದಿಗೆ ಸೋತವರು ನಮ್ಮಲ್ಲೇ ಇದ್ದಾರೆ; ಅದು ಸಿಕ್ಕರೂ ಮಾರ್ದನಿಯನ್ನು ಅಲುಗಾಡಿಸುವ ಮಾಡ್ ಗುಂಡಿಯನ್ನು ಪೂಜೆಯಲ್ಲಿ ಒತ್ತಬಾರದು, ಹಾಡುವವರ ಶ್ರುತಿ ತಪ್ಪುತ್ತದೆ. ಐಬನೆಜ್‌ನ ಪುಟ್ಟ ಅನಲಾಗ್ ಡಿಲೇ ಮಿನಿ ಅದಕ್ಕಿಂತ ಅಗ್ಗ. 600 ಮಿಲಿಸೆಕೆಂಡ್, ಮೂರೇ ತಿರುಗುಣಿ. ಬ್ಯಾಟರಿ ಹಾಕುವಂತಿಲ್ಲ, 9 ವೋಲ್ಟಿನ ಅಡಾಪ್ಟರ್ ಬೇಕು, ಅಷ್ಟೇ ಕೊರತೆ. ಅದನ್ನೇ ಕೊಂಡು, ಉಳಿದ ಹಣದಲ್ಲಿ ಪ್ರತ್ಯುತ್ತರ ಕೀರ್ತನೆ ಹಾಡುವವರಿಗೆ ಒಂದು ಒಳ್ಳೆಯ ಮೈಕ್ ತರೋಣ.

ಮನೆಯಲ್ಲಿ ಈಗಾಗಲೇ ಡಿಜಿಟಲ್ ಪೆಡಲ್ ಇರುವವರು ಹೊಸದಕ್ಕೆ ಅವಸರ ಮಾಡಬೇಡಿ. ಬಾಸ್ ಡಿಡಿ-8ರಂಥವುಗಳಲ್ಲಿ ಅನಲಾಗ್ ಮೋಡ್ ಇದೆ. ನಮ್ಮ ಚಾವಣಿಯ ಕೆಳಗೆ, ಇಡೀ ಸಭೆ ಹಾಡುತ್ತಿರುವಾಗ, ಇವೆರಡರ ವ್ಯತ್ಯಾಸ ಹಿಡಿಯುವವರು ಬಲು ವಿರಳ.

ಕೊನೆಗೊಂದು ನೆನಪು. ತಪಸ್ಸು ಕಾಲದಲ್ಲಿ, ಕೆಲವು ಹಬ್ಬಗಳು ಮತ್ತು ಆ ಕಾಲದ ನಾಲ್ಕನೆಯ ಭಾನುವಾರವನ್ನು ಬಿಟ್ಟು, ವಾದ್ಯಗಳಿಗೆ ಅನುಮತಿ ಇರುವುದು ಹಾಡಿಗೆ ಆಸರೆಯಾಗಲು ಮಾತ್ರ. ಆ ವಾರಗಳಲ್ಲಿ ಪೆಡಲ್ ಆಫ್ ಇರಲಿ. ಪಾಸ್ಖ ಜಾಗರಣೆಯ ರಾತ್ರಿ ಮಹಿಮಾ ಗೀತೆಗೆ ಗಂಟೆಗಳು ಮೊಳಗುವಾಗ ಅದನ್ನು ಒತ್ತೋಣ, ಅದೂ ಮೆಲ್ಲಗೆ. ಅಜ್ಜಿಯ ದನಿ ನಮಗೆ ಕೇಳುವಷ್ಟು ಮೆಲ್ಲಗೆ.

ಬೇರೆ ಅಭಿಪ್ರಾಯ ಇರುವವರು ಭಾನುವಾರ ಪೂಜೆಯ ನಂತರ ಸಿಗಿ. ಮಾತಾಡೋಣ.