ಅಗೆದ ಮಣ್ಣು ಮರಳಿ ಬಾರದು

ಉತ್ಖನನ ಎಂದರೆ ಭೂಮಿಯಲ್ಲಿ ಹುದುಗಿರುವ ಹಳೆಯ ವಸ್ತುಗಳನ್ನು ಹೊರತೆಗೆಯುವುದು ಎಂದು ಇತಿಹಾಸ ತರಗತಿಯಲ್ಲಿ ಓದುತ್ತೇವೆ. ಆದರೆ ಅದಕ್ಕೆ ಇನ್ನೊಂದು ಮುಖವೂ ಇದೆ. ಉತ್ಖನನ ಒಂದು ರೀತಿಯ ನಾಶವೂ ಹೌದು. ಕೆಳಗಿನ ಪದರ ಕಾಣಬೇಕಾದರೆ ಮೇಲಿನ ಪದರವನ್ನು ತೆಗೆಯಲೇಬೇಕು. ಒಮ್ಮೆ ತೆಗೆದ ಪದರವನ್ನು ಮೊದಲಿದ್ದಂತೆ ಜೋಡಿಸಲು ಯಾರಿಂದಲೂ ಆಗದು. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದ ಮಣ್ಣು ಮತ್ತೆ ಸಿಗುವುದಿಲ್ಲ. ಅದರ ಬದಲಿಗೆ ನಮ್ಮ ಬಳಿ ಇರುವುದು ಅವರ ವರದಿ, ನಕ್ಷೆಗಳು, ಫೋಟೋಗಳು ಮತ್ತು ಅಲ್ಲಿ ಸಿಕ್ಕ ವಸ್ತುಗಳು.

ಹೀಗಿರುವಾಗ ದಾಖಲೆಯೇ ಎಲ್ಲ. ಆದ್ದರಿಂದ ಪ್ರತಿಯೊಂದು ಉತ್ಖನನದಲ್ಲೂ ತ್ರೀಡಿ ಸ್ಕ್ಯಾನಿಂಗ್ ಕಡ್ಡಾಯವಾಗಬೇಕು ಎಂಬುದು ನನ್ನ ಅಭಿಪ್ರಾಯ.

ಲೇಸರ್ ಸ್ಕ್ಯಾನರ್ ಬೆಳಕಿನ ಕಿರಣವನ್ನು ಹಾಯಿಸಿ, ಅದು ತಾಗಿದ ಪ್ರತಿ ಬಿಂದುವಿನ ದೂರವನ್ನು ಅಳೆಯುತ್ತದೆ. ಇಂತಹ ಲಕ್ಷಾಂತರ ಬಿಂದುಗಳು ಸೇರಿ ಗುಂಡಿಯ ಪೂರ್ಣ ಆಕಾರ ಕಂಪ್ಯೂಟರಿನಲ್ಲಿ ಮೂಡುತ್ತದೆ. ಇನ್ನೊಂದು ವಿಧಾನದಲ್ಲಿ ಬೇರೆ ಬೇರೆ ಕೋನಗಳಿಂದ ತೆಗೆದ ಹಲವಾರು ಫೋಟೋಗಳನ್ನು ಹೋಲಿಸಿ ಸಾಫ್ಟ್‌ವೇರ್ ಆಳ ಅಗಲಗಳನ್ನು ಲೆಕ್ಕ ಹಾಕುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ತುರ್ಕಿಯ ಚಾತಲ್‌ಹೊಯೂಕ್. ಮೌಲಾನಾ ರೂಮಿಯವರ ಸಮಾಧಿಯಿರುವ ಕೊನ್ಯಾ ನಗರಕ್ಕೆ ಹತ್ತಿರದಲ್ಲಿರುವ ಇದು ಸುಮಾರು 9,000 ವರ್ಷಗಳಷ್ಟು ಹಳೆಯ ಊರು. ಅಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದು, ಜನರು ಮಾಳಿಗೆಯ ಮೇಲಿನಿಂದ ಏಣಿ ಇಳಿದು ಒಳಗೆ ಹೋಗುತ್ತಿದ್ದರು. 2009ರಲ್ಲಿ ಮೌರಿಜಿಯೊ ಫೋರ್ಟೆ ಅವರ ತಂಡ ಇಲ್ಲಿ ತ್ರೀಡಿ ದಾಖಲೆಯ ಕೆಲಸ ಆರಂಭಿಸಿತು. ಪದರ ಪದರವಾಗಿ ಸ್ಕ್ಯಾನ್ ಮಾಡಿದ್ದರಿಂದ, ಅಗೆದು ತೆಗೆದ ಪದರಗಳನ್ನು ಕಂಪ್ಯೂಟರಿನಲ್ಲಿ ಮತ್ತೆ ಒಂದರ ಮೇಲೊಂದು ಇಟ್ಟು ನೋಡಬಹುದು.

ಇದೇ ಸ್ಥಳದಲ್ಲಿ 1960ರ ದಶಕದಲ್ಲಿ ಅಗೆದವರು ಜೇಮ್ಸ್ ಮೆಲಾರ್ಟ್. ಅಲ್ಲಿ ಕಂಡ ಗೋಡೆಚಿತ್ರಗಳೆಂದು ಅವರು ಹಲವು ವರ್ಷಗಳ ನಂತರ ಕೆಲವು ರೇಖಾಚಿತ್ರಗಳನ್ನು ಪ್ರಕಟಿಸಿದರು. ಅವುಗಳಿಗೆ ಫೋಟೋ ಆಧಾರವಿಲ್ಲವೆಂದು ವಿದ್ವಾಂಸರು ಆಗಲೇ ಸಂಶಯಪಟ್ಟಿದ್ದರು. ಅವರು ತೀರಿಕೊಂಡ ಮೇಲೆ, 2018ರಲ್ಲಿ, ಅವರ ಮನೆಯಲ್ಲಿದ್ದ ಕಾಗದಪತ್ರಗಳನ್ನು ಪರಿಶೀಲಿಸಿದ ಸಂಶೋಧಕರೊಬ್ಬರು ಅಂತಹ ಚಿತ್ರಗಳನ್ನು ಮೆಲಾರ್ಟ್ ಸ್ವತಃ ಕಲ್ಪಿಸಿ ಬರೆದಿದ್ದರೆಂದು ತಿಳಿಸಿದರು. ಗೋಡೆಯನ್ನು ಕಂಡವರ ಮಾತೊಂದೇ ಆಧಾರವಾದರೆ ಆಗುವ ಅಪಾಯ ಇದು. ಸ್ಕ್ಯಾನಿಂಗಿನ ನಿಜವಾದ ಲಾಭ ಅದರ ಅಂದದ ಚಿತ್ರವಲ್ಲ. ಅಗೆದವರ ಮಾತನ್ನು ಬೇರೆಯವರೂ ಪರೀಕ್ಷಿಸಬಹುದು ಎಂಬುದು.

ಇದಕ್ಕೆ ಆಕ್ಷೇಪಗಳೂ ಇವೆ. ಲೇಸರ್ ಯಂತ್ರ ದುಬಾರಿ ನಿಜ. ಆದರೆ ಫೋಟೋ ವಿಧಾನಕ್ಕೆ ಒಳ್ಳೆಯ ಕ್ಯಾಮೆರಾ, ಕಂಪ್ಯೂಟರ್ ಮತ್ತು ತರಬೇತಿ ಸಾಕು. ಯಂತ್ರ ಬಂದರೆ ಕಣ್ಣು ಸೋಮಾರಿಯಾಗುತ್ತದೆ ಎಂಬ ಎರಡನೆಯ ಆಕ್ಷೇಪವನ್ನು ನಾನೂ ಒಪ್ಪುತ್ತೇನೆ. ಸ್ಕ್ಯಾನರ್ ಮೇಲ್ಮೈಯನ್ನು ಮಾತ್ರ ನೋಡುತ್ತದೆ. ಮಣ್ಣು ಗಟ್ಟಿಯೋ ಸಡಿಲವೋ, ಎಲ್ಲಿ ಒಂದು ಪದರ ಮುಗಿದು ಇನ್ನೊಂದು ಶುರುವಾಯಿತು ಎಂದು ಹೇಳಬೇಕಾದವರು ಕರಣೆ ಹಿಡಿದು ಕುಳಿತವರೇ. ಕೈಯಿಂದ ನಕ್ಷೆ ಬರೆಯುವಾಗ ಅವರು ಪ್ರತಿ ಗೆರೆಗೂ ಯೋಚಿಸಬೇಕಾಗುತ್ತದೆ. ಹಾಗಾಗಿ ಸ್ಕ್ಯಾನ್ ಇರಲಿ, ನಕ್ಷೆಯೂ ಇರಲಿ.

ಕೊನೆಯದಾಗಿ, ಈ ದಾಖಲೆ ಯಾವುದೋ ಕಚೇರಿಯ ಹಾರ್ಡ್ ಡಿಸ್ಕಿನಲ್ಲಿ ಕೊಳೆಯಬಾರದು. ಅಗೆದವರ ಹೊರತು ಯಾರೂ ನೋಡಲಾಗದ ಸ್ಕ್ಯಾನಿನಿಂದ ಯಾರ ಮಾತನ್ನೂ ಪರೀಕ್ಷಿಸಲಾಗದು. ಸಾರ್ವಜನಿಕರ ಹಣದಿಂದ ನಡೆದ ಉತ್ಖನನದ ದಾಖಲೆ ವರದಿಯ ಜೊತೆಯಲ್ಲೇ ಸಾರ್ವಜನಿಕರಿಗೂ ಸಿಗಬೇಕು. ವಿಜ್ಞಾನ ವಿಭಾಗದ ಗೆಳೆಯ ಗೆಳತಿಯರೇ, ಇತಿಹಾಸ ಕಲಾ ವಿಭಾಗದವರ ಪಾಠ ಮಾತ್ರ ಎಂದುಕೊಳ್ಳಬೇಡಿ. ನಿಮ್ಮ ಬೆಳಕಿನ ವೇಗವೂ ತ್ರಿಕೋನಮಿತಿಯೂ ಈಗ ನಮ್ಮ ಗುಂಡಿಗೆ ಇಳಿದಿವೆ. ನೀವೂ ಬನ್ನಿ.

– ದ್ವಿತೀಯ ಪಿಯುಸಿ, ಕಲಾ ವಿಭಾಗ