ಕಿತ್ತೂರ ಅರಮನೆಯಲ್ಲಿ ಕ್ಯಾಮೆರಾ ನಡೆಯಲಿ!

ಕನ್ನಡದ ಹುಡುಗ ಹುಡುಗಿಯರೇ, ಬೈಲಹೊಂಗಲ, ಸವದತ್ತಿ, ರಾಮದುರ್ಗ ಬಿಟ್ಟು ಬೆಂಗಳೂರು ಸೇರಿದ ನಿಮ್ಮಲ್ಲಿ ಎಷ್ಟೋ ಮಂದಿ, ಬಿಲ್ಡರು ಇನ್ನೂ ಕಟ್ಟದ ಫ್ಲ್ಯಾಟಿನೊಳಗೆ ಕಂಪ್ಯೂಟರಿನಲ್ಲೇ ಕ್ಯಾಮೆರಾ ನಡೆಸಿ ‘ವಾಕ್‌ಥ್ರೂ’ ಮಾಡಿಕೊಡುತ್ತೀರಿ. ಅದರಲ್ಲಿ ಬೋರ್ಡೂ ಇಂಗ್ಲಿಷ್, ದನಿಯೂ ಇಂಗ್ಲಿಷ್. ಹೊಟ್ಟೆಪಾಡು, ಇರಲಿ. ಅದೇ ಕೈಚಳಕ ಕಿತ್ತೂರಿಗೆ ಯಾಕೆ ಬರಬಾರದು?

1824ರ ಅಕ್ಟೋಬರ್ 23ರಂದು ಥ್ಯಾಕರೆಯನ್ನು ಉರುಳಿಸಿದ ಆ ಕೋಟೆಯಲ್ಲಿ ಇಂದು ಅರಮನೆಗೆ ಸೂರಿಲ್ಲ. ಮೋಟು ಗೋಡೆ, ಬಾವಿ, ಧ್ರುವ ನಕ್ಷತ್ರ ನೋಡುವ ಕಿಂಡಿ ಉಳಿದಿವೆ. ಶಾಲೆಯ ಮಕ್ಕಳು ‘ಚೆನ್ನಮ್ಮ ಎಲ್ಲಿ ಕೂಡತಿದ್ಲರೀ ಸರ್?’ ಎಂದರೆ ಬರೀ ಕಲ್ಲು ತೋರಿಸಬೇಕು.

ಬ್ಲೆಂಡರ್ ತಂತ್ರಾಂಶಕ್ಕೆ ಪೈಸೆ ಕೊಡಬೇಕಿಲ್ಲ. ಪುರಾತತ್ವ ಇಲಾಖೆಯ ಅನುಮತಿ ಕೇಳಿ ಗೋಡೆ ಅಳೆಯಿರಿ. ಕ್ಯಾಮೆರಾವನ್ನು ಹದ್ದಿನಂತೆ ಹಾರಿಸಬೇಡಿ. ಐದಡಿ ಎತ್ತರದಲ್ಲಿ, ಮನುಷ್ಯ ನಡೆದಷ್ಟೇ ನಿಧಾನಕ್ಕೆ ಸಾಗಲಿ, ಬಾಗಿಲಲ್ಲಿ ಕ್ಷಣ ನಿಲ್ಲಲಿ. ಸೆಕೆಂಡಿಗೆ 25ರಂತೆ ನಿಮಿಷಕ್ಕೆ 1,500 ಚಿತ್ರ. ಒಂದೊಂದಕ್ಕೆ ಎರಡು ನಿಮಿಷ ಹಿಡಿದರೆ 50 ತಾಸು. ಕಂಪ್ಯೂಟರ್ ದುಡಿಯಲಿ, ನೀವು ಮಲಗಿ! ಊಹಿಸಿ ಕಟ್ಟಿದ ಭಾಗಕ್ಕೆ ಮಾತ್ರ ಬೇರೆ ಬಣ್ಣ ಕೊಡಿ. ಸುಳ್ಳು ಇತಿಹಾಸ ನಮಗೆ ಬೇಡ.

ಇನ್ನು ಅಕ್ಷರ. ಪ್ರೆಸ್ಸಿನವನಾದ ನನಗೆ ಇದೇ ದೊಡ್ಡದು. ಒತ್ತಕ್ಷರ ಒಡೆದು ‘ಕಿತ್ತೂರು’ ಹೋಗಿ ‘ಕಿತ್‌ತೂರು’ ಆದರೆ ಸೋತು ಇಂಗ್ಲಿಷಿಗೆ ಓಡಬೇಡಿ. ಇಂಕ್‌ಸ್ಕೇಪಿನಲ್ಲಿ ಬರೆದು, ರೇಖಾಚಿತ್ರವಾಗಿ ಬದಲಿಸಿ ತನ್ನಿ. ಒತ್ತು ತನ್ನ ಜಾಗದಲ್ಲೇ ಕೂಡುತ್ತದೆ. ದನಿ, ರಾಣಿ 1829ರಲ್ಲಿ ಸೆರೆಯಲ್ಲೇ ತೀರಿಕೊಂಡ ಬೈಲಹೊಂಗಲದ ಹೆಣ್ಣುಮಗಳದ್ದಿರಲಿ.

ಮುಂದಿನ ಕಿತ್ತೂರು ಉತ್ಸವದಲ್ಲಿ ತೋರಿಸಲು ಜಿಲ್ಲಾಡಳಿತವನ್ನು ಜಾಗ ಕೇಳೋಣ. ಕೊಡದಿದ್ದರೆ ಕೋಟೆಯ ಹೊರಗೆ ನಾವೇ ಪರದೆ ಕಟ್ಟೋಣ.