ಮನೆಗೂ ಒಂದು ಪಹಣಿ ಬೇಕು

ಕಣಕುಂಬಿಯ ಮಲೆಯಲ್ಲಿ ಹುಟ್ಟುವ ಮಲಪ್ರಭೆ ಬಯಲಿಗಿಳಿದು, ಪಟ್ಟದಕಲ್ಲಿನ ಬಳಿ ಉತ್ತರಾಭಿಮುಖವಾಗಿ ಹರಿಯುತ್ತದೆ. 2019ರ ಆಗಸ್ಟ್ ತಿಂಗಳಲ್ಲಿ ಮಲೆಯ ಮಳೆ ಇದೇ ಹೊಳೆಯಲ್ಲಿ ನೆರೆಯಾಗಿ ಬಂದು ದೇವಾಲಯಗಳ ಆವರಣವನ್ನೂ ಊರನ್ನೂ ಹೊಕ್ಕಿತು. ಅಲ್ಲಿನ ವಿರೂಪಾಕ್ಷ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದಳೆಂದೂ, ಅದರ ಶಿಲ್ಪಿ ಗುಂಡ ಅನಿವಾರಿತಾಚಾರಿಯೆಂದೂ ಶಾಸನಗಳು ತಿಳಿಸುತ್ತವೆ. ಅದೇ ಊರಿನ ಜನವಸತಿಯ ಮನೆಗಳ ಗೋಡೆ ಎಷ್ಟು ದಪ್ಪ, ಮಾಳಿಗೆಗೆ ಯಾವ ಮಣ್ಣು, ಕೊನೆಯ ದುರಸ್ತಿ ಎಂದು ನಡೆಯಿತು ಎಂಬುದು ಮಾತ್ರ ಹಿರಿಯರ ನೆನಪಿನಲ್ಲಷ್ಟೇ ಉಳಿದಿದೆ.

ಈ ಕೊರತೆ ಕೇವಲ ಕುತೂಹಲದ ವಿಷಯವಲ್ಲ. ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆಯ ತಾಣ. 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ, ಸಂರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರ್ ನಿಷೇಧಿತ ಪ್ರದೇಶ; ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ವಲಯದಲ್ಲಿ ಖಾಸಗಿಯವರು ಹೊಸ ಮನೆ ಕಟ್ಟುವಂತಿಲ್ಲ. ಇರುವ ಮನೆಯ ದುರಸ್ತಿಗೆ ಅನುಮತಿ ಕೇಳಬಹುದು. ಆದರೆ ಆ ಮನೆ 1992ರ ಜೂನ್ 16ಕ್ಕೆ ಮೊದಲೇ ಇದ್ದಿರಬೇಕು, ಇಲ್ಲವೇ ಅನಂತರ ಒಪ್ಪಿಗೆ ಪಡೆದೇ ಕಟ್ಟಿದ್ದಾಗಿರಬೇಕು. ದುರಸ್ತಿಯ ಹೆಸರಿನಲ್ಲಿ ಪುನರ್ನಿರ್ಮಾಣಕ್ಕೂ ಅವಕಾಶವಿಲ್ಲ. ಮೊದಲು ಏನಿತ್ತು ಎಂಬುದನ್ನು ತೋರಿಸಲಾರದವನು ದುರಸ್ತಿಗೂ ಪುನರ್ನಿರ್ಮಾಣಕ್ಕೂ ಇರುವ ಗೆರೆಯನ್ನು ಹೇಗೆ ತೋರಿಸಬಲ್ಲನು?

ಇಂಥ ಊರಿನಲ್ಲಿ ದುರಸ್ತಿಯೇ ಮನೆಯ ಭವಿಷ್ಯ. ಈ ಸೀಮೆಯ ಹಳೆಯ ಮನೆಗಳ ದಪ್ಪ ಕಲ್ಲುಗೋಡೆ ಹಗಲಿನ ಬಿಸಿಲನ್ನು ತಡೆದು ಒಳಕ್ಕೆ ನಿಧಾನವಾಗಿ ಬಿಡುತ್ತದೆ. ತೊಲೆ-ಜಂತಿಗಳ ಮೇಲೆ ಹಾಸಿದ ಮಣ್ಣಿನ ಮಾಳಿಗೆಯೂ ಹಾಗೆಯೇ. ಬೆಳೆಗೆ ಮಾರಕವಾದ ಸವಳು ಜೇಡಿಮಣ್ಣು ಮಾಳಿಗೆಗೆ ಒದಗುವುದರಲ್ಲಿ ವಿಜ್ಞಾನವಿದೆ: ಅದರಲ್ಲಿನ ಸೋಡಿಯಂನಿಂದ ಜೇಡಿಯ ಕಣಗಳು ಬಿಡಿಬಿಡಿಯಾಗಿ ರಂಧ್ರಗಳನ್ನು ಮುಚ್ಚುತ್ತವೆ, ನೀರು ಕೆಳಗಿಳಿಯದು. ಆದರೆ ಸೋರುವ ಮಾಳಿಗೆಗೆ ಇಂದು ಸುಲಭವಾಗಿ ದೊರೆಯುವ ಪರಿಹಾರ ತಗಡು ಅಥವಾ ಕಾಂಕ್ರೀಟು. ಸೋರಿಕೆ ನಿಲ್ಲುತ್ತದೆ, ಬೇಸಿಗೆಯಲ್ಲಿ ಮನೆ ಕಾಯುತ್ತದೆ, ಫ್ಯಾನು ಹಗಲಿರುಳು ತಿರುಗುತ್ತದೆ. 2023ರ ಗೃಹಜ್ಯೋತಿಯಿಂದ ಅನೇಕರ ಬಿಲ್ಲಿನ ಮೊತ್ತ ಸೊನ್ನೆಯಾಯಿತು. ಸುಟ್ಟ ಯೂನಿಟ್ಟುಗಳು ಸೊನ್ನೆಯಾಗಲಿಲ್ಲ.

ರೈತನ ಹೊಲಕ್ಕೆ ಪಹಣಿಯಿದೆ. ಭೂಮಿ ಯೋಜನೆಯಿಂದ ಅದು ಗಣಕಕ್ಕೇರಿ ಎರಡು ದಶಕಗಳಾದವು. 2015ರಿಂದ ಮಣ್ಣಿಗೆ ಆರೋಗ್ಯ ಪತ್ರವೂ ಬಂತು. ಅದರಲ್ಲಿ 12 ಅಂಶಗಳನ್ನು ನೋಡಿ ಎಷ್ಟು ಗೊಬ್ಬರವೆಂದು ಹೇಳಲಾಗುತ್ತದೆ. ಪರೀಕ್ಷೆಯಿಲ್ಲದೆ ಗೊಬ್ಬರ ಸುರಿಯುವುದು ತಪ್ಪೆನ್ನುವವರು ಪರೀಕ್ಷೆಯಿಲ್ಲದೆ ಸಿಮೆಂಟು ಸುರಿಯುವುದನ್ನು ಒಪ್ಪಬಾರದು. ಪಂಚಾಯಿತಿಯ ಇ-ಸ್ವತ್ತು ದಾಖಲೆ ಮಾಲೀಕತ್ವ, ಅಳತೆ, ಚೆಕ್ಕುಬಂದಿಗಳಿಗಾಗಿ ಇರುವಂಥದು. ಅದರ ಜೊತೆಗೆ ಗೋಡೆಯ ದಪ್ಪ, ಚಾವಣಿಯ ಬಗೆ, ಕಿಟಕಿ-ಬೆಳಕಿಂಡಿಗಳ ಸಂಖ್ಯೆ, ದಿನಾಂಕವಿರುವ ಛಾಯಾಚಿತ್ರ, ಪ್ರತಿ ದುರಸ್ತಿಯ ವಿವರ, ಹೆಸ್ಕಾಂ ಬಿಲ್ಲಿನಲ್ಲಿರುವ ಯೂನಿಟ್ಟುಗಳು — ಇಷ್ಟು ಸೇರಿದರೆ ಅದು ಮನೆಯ ಆರೋಗ್ಯ ಪತ್ರವಾಗುತ್ತದೆ. ಯಾವ ದುರಸ್ತಿಯಿಂದ ಮನೆ ತಂಪಾಯಿತು, ಯಾವುದರಿಂದ ಕಾದಿತು ಎಂಬುದು ಆಗ ಊರಿಗೇ ಗೊತ್ತಾಗುತ್ತದೆ.

ಬೆಲ್ಜಿಯಂ ದೇಶದ ಫ್ಲಾಂಡರ್ಸ್ ಪ್ರಾಂತದಲ್ಲಿ 2018ರಿಂದ ಮನೆಗಳಿಗೆ ಇಂಥ ಡಿಜಿಟಲ್ ದಾಖಲೆಯಿದೆ. ಐರೋಪ್ಯ ಒಕ್ಕೂಟದ 2024ರ ನಿರ್ದೇಶನವು ಕಟ್ಟಡಗಳಿಗೆ ನವೀಕರಣ ಪಾಸ್‌ಪೋರ್ಟ್ ವ್ಯವಸ್ಥೆಯನ್ನು ತರುವಂತೆ ಸದಸ್ಯ ರಾಷ್ಟ್ರಗಳಿಗೆ ಸೂಚಿಸಿದೆ. ನಮ್ಮ ದೇಶದ 2018ರ ಇಕೊ-ನಿವಾಸ ಸಂಹಿತೆ ಚಾವಣಿಯ ಮೂಲಕ ಒಳಬರುವ ಶಾಖಕ್ಕೆ ಮಿತಿ ಹಾಕಿದೆ. ಆದರೆ ಅದು ಮುಖ್ಯವಾಗಿ ದೊಡ್ಡ ನಿವೇಶನಗಳ ಹೊಸ ವಸತಿ ಕಟ್ಟಡಗಳಿಗೆ. ಹಳ್ಳಿಯ ಹಳೆಯ ಮನೆ ಅದರ ಕಣ್ಣಿಗೆ ಬೀಳುವುದಿಲ್ಲ.

ದಾಖಲೆಗೆ ಜನ ಹೆದರುವುದಕ್ಕೂ ಕಾರಣವಿದೆ. ಸ್ಮಾರಕದ ನೆರಳಿನಲ್ಲಿರುವವರಿಗೆ ಅಳತೆಯ ಟೇಪು ಕಂಡರೆ ತೆರವಿನ ನೋಟೀಸು ನೆನಪಾಗುವುದು ಸಹಜ. ಆದ್ದರಿಂದ ದಾಖಲೆಯ ಮೊದಲ ಪ್ರತಿ ಮನೆಯವರದಾಗಿರಬೇಕು. ಅವರ ಒಪ್ಪಿಗೆಯಿಲ್ಲದೆ ಬೇರೆ ಕಚೇರಿಗೆ ಹೋಗಕೂಡದು. ತಪ್ಪಿದ್ದರೆ ಗ್ರಾಮಸಭೆಯಲ್ಲಿ ತಿದ್ದುವ ಹಕ್ಕಿರಬೇಕು. ನೆರೆ ಕಂಡ ಊರಿನಲ್ಲಿ ಕಾಗದ ತೊಯ್ದು ಹೋಗುತ್ತದೆ. ಡಿಜಿಟಲ್ ಪ್ರತಿ ಬೇರೆಡೆ ಉಳಿದರೆ ಮನೆಯವರ ಹಕ್ಕೂ ಉಳಿಯುತ್ತದೆ.

ಮಲೆನಾಡಿನಲ್ಲಿ ಹಂಚಿನ ಮನೆಗಳ ಮೇಲೆ ತಗಡು ಬರುತ್ತಿರುವುದೂ ಇದೇ ಕಥೆ. ಕೆಲಸ ಆರಂಭಿಸಲು ಸರಕಾರಿ ಆದೇಶಕ್ಕೆ ಕಾಯಬೇಕಾಗಿಲ್ಲ. ಒಂದು ಉಷ್ಣಮಾಪಕ, ಒಂದು ಟೇಪು, ಒಂದು ಮೊಬೈಲು ಇರುವ ಶಾಲಾ ಮಕ್ಕಳು ಬೇಸಿಗೆಯ ಒಂದು ವಾರ ಮಧ್ಯಾಹ್ನ ಮೂರಕ್ಕೂ ರಾತ್ರಿ ಒಂಬತ್ತಕ್ಕೂ ಮನೆಯ ಒಳಗಿನ, ಹೊರಗಿನ ತಾಪವನ್ನು ಬರೆದಿಡಲಿ. ಮುಂದಿನ ಸಲ ಚಾವಣಿ ಬಿಚ್ಚುವ ಮುನ್ನ ಊರಿನವರು ಆ ಪುಟವನ್ನು ತೆರೆದು ನೋಡಲಿ.